ಹಳದಿ ತೋಳಿನ ಪಡೆ

ಸೆಲ್ವಿನ್ ಕ್ರಾಬ್‌ಟ್ರೀ ತನ್ನ ಜೀವಮಾನದಲ್ಲಿ ಹೇಳಿದ್ದು ಎರಡೇ ಎರಡು ಸುಳ್ಳು. ಇದು ಅವನ ಹೆಂಡತಿ ಎನಿಡ್ ಹೇಳುವ ಮಾತು. ಗಂಡನ ವಿಷಯದಲ್ಲಿ ಚೂರೂ ರಿಯಾಯಿತಿ ತೋರಿಸುವ ಹೆಂಗಸಲ್ಲ ಅವಳು, ಹಾಗಾಗಿ ನಂಬಬಹುದು.

ಮೊದಲನೆಯ ಸುಳ್ಳಿಗೆ ಈಗ ಮೂವತ್ತೆಂಟು ವರ್ಷ. ಆಗ ಸೆಲ್ವಿನ್ ಯಾರ್ಕ್‌ಷೈರಿನ ಹೆಡನ್‌ರಾಯ್ಡ್ ಊರಿನಲ್ಲಿ ಮನೆಮನೆಗೆ ಹೋಗಿ ಕಾರ್ಪೆಟ್ ಹಾಸುತ್ತಿದ್ದ. ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಬರ್ನಾರ್ಡ್ ಸಟ್‌ಕ್ಲಿಫ್ ಎಂಬ ಮೇಷ್ಟರ ಮನೆಯಲ್ಲಿ ಹಳೆಯ ಕಾರ್ಪೆಟ್ ಕಿತ್ತಾಗ, ಗೋಡೆಯ ಮೂಲೆಯಲ್ಲಿ ಹೆಬ್ಬೆರಳಿನುದ್ದದ ಒಬ್ಬ ಸೀಸದ ಸಿಪಾಯಿ ಸಿಕ್ಕಿದ. ಸೊಂಟಕ್ಕೆ ಡೋಲು ಕಟ್ಟಿಕೊಂಡ, ಮೂರು ಮೂಲೆಯ ಟೋಪಿಯ ಹುಡುಗ. ಸೆಲ್ವಿನ್ ಅದನ್ನು ಒರೆಸಿ ಕೈಗೆ ಕೊಟ್ಟದ್ದೇ ತಡ, ಬರ್ನಾರ್ಡ್ ಕುಣಿದುಬಿಟ್ಟ.

"ಅಯ್ಯೋ ಪುಣ್ಯಾತ್ಮ! ಎರಡು ವರ್ಷದಿಂದ ಹುಡುಕ್ತಾ ಇದೀನಿ ಕಣಯ್ಯಾ ಇವನನ್ನ! ಡೋಲಿನವನಿಲ್ದೆ ನನ್ನ ಇಡೀ ಪಡೆ ಹೆಜ್ಜೆ ತಪ್ಪಿ ನಡೀತಿದೆ!"

ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದ. ಮೇಜಿನ ಮೇಲೆ ಹಸಿರು ಬಟ್ಟೆ, ಬಟ್ಟೆಯ ಕೆಳಗೆ ಪುಸ್ತಕ ತುರುಕಿ ಮಾಡಿದ ಗುಡ್ಡ, ಗುಡ್ಡದ ಮೇಲೆ ಬಿಳಿ ಕೋಟಿನ ನಾನೂರು ಫ್ರೆಂಚ್ ಸಿಪಾಯಿಗಳು. ಸೆಲ್ವಿನ್ ಮೊಣಕಾಲೂರಿ ಕೂತ. ಕಾರ್ಪೆಟ್ ಹಾಸುವವನಿಗೆ ಅದೇ ಅಭ್ಯಾಸ. ಕಣ್ಣು ಮೇಜಿನ ಮಟ್ಟಕ್ಕೆ ಬಂದಾಗ ಆ ನಾನೂರು ಜನ ಅವನ ಕಡೆಗೇ ನಡೆದು ಬರುತ್ತಿದ್ದರು. ಒಂದು ದಿನದಲ್ಲಿ ಮುಗಿಯಬೇಕಾದ ಕೆಲಸಕ್ಕೆ ಮೂರು ದಿನ ಹಿಡಿಯಿತು. ಅಂಗಡಿಯ ಯಜಮಾನ ಕೇಳಿದ್ದಕ್ಕೆ "ನೆಲದ ಹಲಗೆ ಎಲ್ಲಾ ಹುಳ ತಿಂದಿತ್ತು ಸಾರ್" ಅಂದ. ಅದು ಒಂದನೆಯ ಸುಳ್ಳು.

ಬರ್ನಾರ್ಡನ ಹತ್ತಿರ ಫ್ರೆಂಚರಿದ್ದರೆ ಎದುರಿಗೆ ಇಂಗ್ಲಿಷರು ಬೇಡವೇ? ಸೆಲ್ವಿನ್ ಕೆಂಪು ಕೋಟಿನವರನ್ನು ಕಟ್ಟಲು ಕೂತ. ಅಡಿಗೆಮನೆಯ ಮೇಜೇ ಅವನ ಕಾರ್ಖಾನೆ. ಬಣ್ಣ ಬಳಿಯದ ಸೀಸದ ಸಿಪಾಯಿಗಳು ಅಂಚೆಯಲ್ಲಿ ಬರುತ್ತಿದ್ದರು. ಅಂಚು ಕೆರೆದು, ತೊಳೆದು, ಕೋಟಿಗೆ ಕೆಂಪು, ಷರಾಯಿಗೆ ಬಿಳಿ, ಗುಂಡಿಗೊಂದು ಚುಕ್ಕಿ. ಇನ್ನೂರೈವತ್ತು ವರ್ಷದ ಹಿಂದಿನ ಆ ಸೈನ್ಯದಲ್ಲಿ ಎಲ್ಲರದ್ದೂ ಒಂದೇ ಕೋಟು. ಯಾವ ಪಡೆ ಎಂದು ತಿಳಿಯುತ್ತಿದ್ದದ್ದು ತೋಳಿನ ತುದಿಯ ಮಡಿಕೆಯ ಬಣ್ಣದಿಂದ. ನೀಲಿ ತೋಳಿನವರು, ಹಸಿರು ತೋಳಿನವರು, ಕೆನೆ ಬಣ್ಣದವರು. ಆ ಮಡಿಕೆ ಎಷ್ಟು ದೊಡ್ಡದು ಅಂತೀರಿ? ಸಾಸಿವೆ ಕಾಳಿನಷ್ಟು. ಅಂಗೈಯಲ್ಲಿ ಮೊಳೆ ಚುಚ್ಚಿದ ಗಾಯಗಳಿದ್ದ ಆ ದಪ್ಪ ಕೈಯಿಂದ ಅವನು ಸಾಸಿವೆ ಕಾಳಿಗೆ ಬಣ್ಣ ಬಳಿಯುತ್ತಿದ್ದ. ಮೂವತ್ತೆಂಟು ವರ್ಷದಲ್ಲಿ ಆರುನೂರ ಹನ್ನೆರಡು ಜನ ಆದರು. ಒಬ್ಬೊಬ್ಬನ ಮುಖವೂ ಬೇರೆ. ಮೇಜಿನಾಚೆಯಿಂದ ಯಾರಿಗೂ ಕಾಣದ ಮುಖಕ್ಕೆ ಅಷ್ಟು ಪಾಡು ಏಕೆ ಎಂದು ಎನಿಡ್ ಒಮ್ಮೆ ಕೇಳಿದಳು. "ಅವರಿಗೆ ಗೊತ್ತಾಗುತ್ತಲ್ಲ" ಅಂದ. ಇಂಥವನ ಹತ್ತಿರ ಯಾರು ಏನು ವಾದ ಮಾಡುವುದು!

ಎರಡನೆಯ ಸುಳ್ಳು ಹೋದ ಅಕ್ಟೋಬರಿನದು. "ಕತ್ತು ಹಿಡ್ಕೊಂಡಿದೆ" ಎಂದು ಊರಿಗೆಲ್ಲ ಹೇಳಿದ.

ಕತ್ತಿಗೆ ಏನೂ ಆಗಿರಲಿಲ್ಲ. ಆಗಿದ್ದದ್ದು ಕಣ್ಣಿಗೆ. ನೋಟದ ನಡುಮಧ್ಯದಲ್ಲಿ ಒಂದು ಮಸಿ ಕೂತುಬಿಟ್ಟಿತ್ತು. ಅಂಚಿನಲ್ಲಿರುವುದು ಕಾಣುತ್ತಿತ್ತು, ನೇರ ನೋಡಿದ್ದು ಕಾಣುತ್ತಿರಲಿಲ್ಲ. ಹಾಗಾಗಿ ಏನನ್ನು ನೋಡಬೇಕಾದರೂ ಕೋಳಿಯ ಹಾಗೆ ತಲೆ ಓರೆ ಮಾಡುತ್ತಿದ್ದ. ಮುಂದಿನ ವರ್ಷದ ಚಳಿಗಾಲದ ಹೊತ್ತಿಗೆ ಉಳಿದದ್ದೂ ಹೋಗುತ್ತದೆ, ಇನ್ನೇನು ಮಾಡಲಾಗದು ಎಂದು ಆಸ್ಪತ್ರೆಯವರು ಹೇಳಿದ್ದರು. ಗೊತ್ತಿದ್ದದ್ದು ಎನಿಡ್ ಒಬ್ಬಳಿಗೆ. "ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆಯೋ ನೋಡು" ಎಂದು ಅವಳಿಂದ ಮಾತು ತೆಗೆದುಕೊಂಡಿದ್ದ.

ಮುಚ್ಚಿಡುವಂಥದ್ದು ಏನಿತ್ತು ಅನ್ನಬಹುದು. ಇತ್ತು. ಚಾಪೆಲ್ ಎಂಬ ಪುಟ್ಟ ಚರ್ಚಿನ ಹಾಲ್‌ನಲ್ಲಿ ತಿಂಗಳಿಗೊಮ್ಮೆ ಸೇರಿ ಸಿಪಾಯಿ, ದಾಳ ಇಟ್ಟುಕೊಂಡು ಯುದ್ಧವಾಡುವ ಅವರ ಗುಂಪಿನಲ್ಲಿ ಕ್ಲಿಫರ್ಡ್ ಎಂಬೊಬ್ಬನಿದ್ದ. ಪಾರ್ಶ್ವವಾಯು ಹೊಡೆದು ಒಂದು ಕೈ ಬಿದ್ದುಹೋಯಿತು, ಮಾತು ತೊದಲಿತು. ಎಲ್ಲರಿಗೂ ಪಾಪ ಅನ್ನಿಸಿತು. ಬೀಳಬಾರದ ದಾಳ ಬಿದ್ದರೆ "ಅದು ಮೇಜಿಗೆ ತಾಗಿತು, ಇನ್ನೊಂದು ಸಲ ಹಾಕು" ಎನ್ನುವುದು, ಅವನ ಕುದುರೆಗಳು ಬರುವ ದಾರಿಯಿಂದ ತಮ್ಮವರನ್ನು ಸುಮ್ಮನೆ ಸರಿಸಿಕೊಳ್ಳುವುದು. ಕ್ಲಿಫರ್ಡ್ ಸಾಲಾಗಿ ಐದು ಯುದ್ಧ ಗೆದ್ದ. ಆರನೆಯದಕ್ಕೆ ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ. ಹಾಗೆ ಸೋತುಕೊಟ್ಟವರಲ್ಲಿ ಸೆಲ್ವಿನ್ನೂ ಒಬ್ಬ. ಅದನ್ನು ಅವನು ಮರೆತಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ಕಣ್ಣು ಪೂರ್ತಿ ಹೋಗುವ ಮೊದಲು ಇಡೀ ಸೈನ್ಯವನ್ನು ಕಣಕ್ಕಿಳಿಸಿ ಬರ್ನಾರ್ಡನ ಜೊತೆ ಒಂದು ಯುದ್ಧ, ನಿಜವಾದ ಯುದ್ಧ. ಸೋತರೂ ಸರಿ. ಕನಿಕರದ ಗೆಲುವು ಮಾತ್ರ ಬೇಡ.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಲ್‌ನಲ್ಲಿ ಹನ್ನೆರಡು ಅಡಿಯ ಮೇಜು ಸಿದ್ಧವಾಯಿತು. ನಡುವೆ ಒಂದು ಹಳ್ಳಿ, ಹಳ್ಳಿಯ ಮುಂದೆ ಕಲ್ಲಿನ ಗೋಡೆ, ಗೋಡೆಯಾಚೆ ಬಯಲು, ಬಯಲಿನ ಕೊನೆಗೆ ತೊರೆ. ಬಲಗಡೆ ಒಂದು ಕಾಡು. ಅಲ್ಲಿ ತೊರೆ ಹತ್ತಿರ, ಮರೆಯೂ ಇದೆ. ಹಳ್ಳಿ ಸೆಲ್ವಿನ್ನನದು. ಸಂಜೆ ನಾಲ್ಕರವರೆಗೆ ಉಳಿಸಿಕೊಂಡರೆ ಅವನು ಗೆದ್ದ, ಬರ್ನಾರ್ಡ್ ಕಿತ್ತುಕೊಂಡರೆ ಬರ್ನಾರ್ಡ್ ಗೆದ್ದ.

ಮಧ್ಯಸ್ಥಿಕೆಗೆ ಐವಿ ಗ್ರೀನ್‌ವುಡ್. ಅಂಚೆ ಕಚೇರಿಯ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತು ನಿವೃತ್ತಿಯಾದವಳು. ಸ್ಟಾಂಪು ಒಂದು ಕೂದಲೆಳೆ ಓರೆಯಾದರೂ ಸಹಿಸದವಳು. ಪ್ರತಿ ಸುತ್ತಿಗೂ ಮೊದಲು ಇಬ್ಬರೂ ತಮ್ಮ ತಮ್ಮ ಆಜ್ಞೆಯನ್ನು ಚೀಟಿಯಲ್ಲಿ ಬರೆದು ಅವಳ ಟೀ ಬಸಿಯ ಕೆಳಗೆ ಇಡಬೇಕು. ಅವಳು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಒಂದಕ್ಷರ ಬದಲಾಯಿಸುವ ಹಾಗಿಲ್ಲ. ಬರೆದದ್ದು ಬರೆದದ್ದೇ. ನಿಜವಾದ ಸೇನಾಪತಿಯ ಆಜ್ಞೆ ಕುದುರೆ ಸವಾರನ ಕೈಯಲ್ಲಿ ಹೋದ ಮೇಲೆ ಹಿಂದಕ್ಕೆ ಬರುತ್ತದೆಯೇ? ಇನ್ನೊಂದು ಕಟ್ಟಳೆ: ಒಬ್ಬರ ಸಿಪಾಯಿಗಳನ್ನು ಇನ್ನೊಬ್ಬರು ಮುಟ್ಟಬಾರದು. ದಾಳವನ್ನು ಓದುವವಳೂ ಐವಿಯೇ. ಇದೆಲ್ಲ ಸೆಲ್ವಿನ್ನನಿಗೆ ಬಹಳ ಅನುಕೂಲವಾಯಿತು.

"ಏನಪ್ಪಾ, ಕತ್ತು ಇನ್ನೂ ಸರಿ ಹೋಗಿಲ್ವಾ?" ಎಂದು ಬರ್ನಾರ್ಡ್ ಕೇಳಿದ.

"ನಿನ್ನ ಮುಖ ನೇರವಾಗಿ ನೋಡೋ ಶಿಕ್ಷೆ ತಪ್ತಲ್ಲ, ಬಿಡು."

"ನೋಡ್ತಿರು, ಊಟದ ಹೊತ್ತಿಗೆ ನಿನ್ನ ಹಳ್ಳೀಲಿ ನನ್ನ ಸಿಪಾಯಿಗಳು ಕೋಳಿ ಹಿಡೀತಿರ್ತಾರೆ."

"ಹೋದ ಸಲಾನೂ ಹಿಂಗೇ ಅಂದಿದ್ದೆ. ಆಮೇಲೆ ಬಾಲ ಮುದುರ್ಕೊಂಡು ಓಡಿದ್ದು ಯಾರು?"

ಬೆಳಗಿನ ಹೊತ್ತು ಸೆಲ್ವಿನ್ನನದೇ ಆಯಿತು. ಫಿರಂಗಿ ಹಾರಿಸುವ ಮೊದಲು ಗುರಿ ಎಷ್ಟು ಅಂಗುಲ ದೂರವಿದೆ ಎಂದು ಬಾಯಲ್ಲಿ ಹೇಳಬೇಕು, ಆಮೇಲೆ ಟೇಪು ಹಿಡಿಯಬೇಕು. ಒಂದಂಗುಲ ತಪ್ಪಿದರೂ ಗುಂಡು ದಂಡ. ಅವನು ಮೇಜಿನ ಅಂಚಿನ ಮೇಲೆ ಗೇಣು ಇಡುತ್ತಾ ಸರಿದ. ಅವನ ಗೇಣು ಒಂಬತ್ತಂಗುಲ, ನಲವತ್ತು ವರ್ಷ ಹೆಡನ್‌ರಾಯ್ಡಿನ ಅರ್ಧ ಮನೆಗಳನ್ನು ಅಳೆದ ಗೇಣು. ಫ್ರೆಂಚರು ಅವನಿಗೆ ಕಂಡದ್ದು ಬೆಳ್ಳಗಿನ ಮಂಜಿನಂತೆ ಮಾತ್ರ.

"ಮೂವತ್ತೊಂದೂವರೆ" ಅಂದ.

ಐವಿ ಟೇಪು ಹಿಡಿದಳು. ಮೂವತ್ತೊಂದೂವರೆ. "ಇವನ ಮನೆ ಹಾಳಾಗ!" ಎಂದು ಬರ್ನಾರ್ಡ್ ತನ್ನ ನಾಲ್ಕು ಜನರನ್ನು ಎತ್ತಿಟ್ಟ. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಟೀ ಮಾಡುತ್ತಿದ್ದ ಎನಿಡ್ ಅಡಿಗೆಮನೆಯ ಕಿಟಕಿಯಿಂದ ನೋಡಿ ಮುಖ ತಿರುಗಿಸಿಕೊಂಡಳು.

ಎಡವಟ್ಟಾದದ್ದು ಊಟದ ನಂತರ.

ಸೆಲ್ವಿನ್ನನ ಸೈನ್ಯದಲ್ಲಿ ಎಲ್ಲಕ್ಕಿಂತ ಹಳಬರು ಕೆನೆ ತೋಳಿನವರು, ಒಮ್ಮೆಯೂ ಬೆನ್ನು ತೋರಿಸದವರು. ಎಲ್ಲಕ್ಕಿಂತ ಹೊಸಬರು ಹಳದಿ ತೋಳಿನ ಮೂವತ್ತಾರು ಜನ. ಈ ಮಾರ್ಚಿನಲ್ಲಿ ಮುಗಿಸಿದ್ದು, ಕಣ್ಣು ಕೈಕೊಟ್ಟ ಮೇಲೆ ಮೂಗಿಗೆ ತಾಗಿಸಿ ಹಿಡಿದು, ಓರೆಗಣ್ಣಲ್ಲಿ ಬಳಿದದ್ದು. ಅವನು ಬಣ್ಣ ಹಾಕುವ ಕೊನೆಯ ಪಡೆ ಅದು. ಬಣ್ಣ ಹಸಿಯಿರುವ ಪಡೆ ಮೊದಲ ಯುದ್ಧದಲ್ಲಿ ಓಡಿಯೇ ಓಡುತ್ತದೆ ಎಂಬುದು ಈ ಆಟ ಆಡುವವರ ಗಟ್ಟಿ ನಂಬಿಕೆ. ನಗಬೇಡಿ, ನಾನೂ ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಹಳಬರನ್ನು ಹಳ್ಳಿಯ ಗೋಡೆಗೆ, ಹೊಸಬರನ್ನು ಬಲಗಡೆಯ ಕಾಡಿನ ಮರೆಗೆ ಎಂದು ಅವನು ತೀರ್ಮಾನಿಸಿದ್ದ. ಆದರೆ ಬೆಳಿಗ್ಗೆ ಕಾರಿಗೆ ತುಂಬುವಾಗ ಎನಿಡ್ ಎರಡು ಪೆಟ್ಟಿಗೆಗಳನ್ನು ಮೇಲೆ ಕೆಳಗೆ ಮಾಡಿದ್ದಳು. ಎರಡೂ ಪಡೆ ಒಂದೇ ಅಚ್ಚಿನವು, ಮುಟ್ಟಿದರೆ ವ್ಯತ್ಯಾಸವಿಲ್ಲ. ಹಳದಿಯೂ ಕೆನೆಯೂ ಅವನ ಕಣ್ಣಿಗೆ ಒಂದೇ ಮಸುಕು. ಮೇಲಿನ ಪೆಟ್ಟಿಗೆ ಬಿಚ್ಚಿ, ಹಳಬರೆಂದುಕೊಂಡು ಹೊಸಬರನ್ನೇ ಗೋಡೆಗೆ ನಿಲ್ಲಿಸಿದ್ದ.

ಐವಿ ಚೀಟಿ ಓದಿದಳು. "ಸೆಲ್ವಿನ್: ಹಳದಿ ತೋಳಿನವರು ನೇರ ಮುಂದಕ್ಕೆ, ತೊರೆಯವರೆಗೆ. ಕೆನೆ ತೋಳಿನವರು ಇದ್ದಲ್ಲೇ ಇರಲಿ."

ಸೆಲ್ವಿನ್ ಕಾಡಿನ ಕಡೆ ಹೋಗಿ ಅಲ್ಲಿದ್ದವರ ಮೇಲೆ ಕೈಯಿಟ್ಟ.

"ಅವರಲ್ಲ" ಅಂದಳು ಐವಿ. "ಅವರು ಕೆನೆ."

ಹಾಗಾದರೆ ಗೋಡೆಯ ಹಿಂದೆ ಇರುವವರು ಹಳದಿ. ನೇರ ಮುಂದಕ್ಕೆ ಅಂದರೆ ಬಟ್ಟಬಯಲು. ಬಯಲಿನಾಚೆ ಬರ್ನಾರ್ಡನ ಮೂವತ್ತು ಕುದುರೆಗಳು ಇಂಥ ಗಳಿಗೆಗೇ ಕಾದು ನಿಂತಿವೆ.

ತಾನೇ ಬಣ್ಣ ಬಳಿದ ಪಡೆಯ ಗುರುತು ಸೆಲ್ವಿನ್ ಕ್ರಾಬ್‌ಟ್ರೀಗೆ ಸಿಗದೆ ಹೋಗುವುದೆಂದರೇನು! ಹೆತ್ತವಳು ಪಕ್ಕದ ಮನೆ ಮಗುವನ್ನು ಎತ್ತಿಕೊಂಡು ಬಂದಂತಾಯಿತು.

"ಲೋ, ಕೈತಪ್ಪಿ ಬರ್ದಿದೀಯ" ಎಂದ ಬರ್ನಾರ್ಡ್, ಅವನಿಗೆ ಅಭ್ಯಾಸವೇ ಇಲ್ಲದ ಮೆತ್ತನೆಯ ದನಿಯಲ್ಲಿ. "ತಿದ್ಕೋ ಹೋಗ್ಲಿ. ನಂದೇನೂ ಅಭ್ಯಂತರ ಇಲ್ಲ."

"ಬರ್ದಿದ್ದು ಬರ್ದಿದ್ದೇ" ಅಂದ ಸೆಲ್ವಿನ್.

ಒಬ್ಬೊಬ್ಬರನ್ನಾಗಿ, ಕಾಲಡಿಯ ಹಲಗೆ ಹಿಡಿದು, ಮೂವತ್ತಾರು ಹೊಸಬರನ್ನು ಗೋಡೆ ದಾಟಿಸಿ ಬಯಲಿಗೆ ಇಳಿಸಿದ.

ಮುಂದಿನ ಸುತ್ತಿನ ಚೀಟಿಗಳು ಬಸಿಯ ಕೆಳಗೆ ಹೋದವು. ಸೆಲ್ವಿನ್ನನದು: ಹಳದಿ ತೋಳಿನವರು ನಾಲ್ಕೂ ಕಡೆ ಮುಖ ಮಾಡಿ ಚೌಕ ಕಟ್ಟಿ ನಿಲ್ಲಲಿ. ಐವಿ ಇನ್ನೊಂದನ್ನು ಬಿಚ್ಚಿದಳು.

"ಬರ್ನಾರ್ಡ್: ಕುದುರೆಗಳು ಇದ್ದಲ್ಲೇ ಇರಲಿ."

ಸೆಲ್ವಿನ್ ತಲೆ ಓರೆ ಮಾಡುವುದನ್ನು ಬಿಟ್ಟ. ನೇರವಾಗಿ ಬರ್ನಾರ್ಡನಿರುವ ಕಡೆ ಮುಖ ಮಾಡಿದ, ಅಲ್ಲಿ ಮಸಿಯಲ್ಲದೆ ಬೇರೇನೂ ಕಾಣದಿದ್ದರೂ.

"ಏನದು?"

"ಏನು ಏನದು? ನನ್ನ ಕುದುರೆ, ನನ್ನಿಷ್ಟ."

"ಮೂವತ್ತೆಂಟು ವರ್ಷದಲ್ಲಿ ಬಯಲಿಗೆ ಬಂದೋರನ್ನ ನೀನು ಒಂದ್ಸಲಾನಾದ್ರೂ ಸುಮ್ನೆ ಬಿಟ್ಟಿದೀಯಾ? ನನ್ನ ಹುಟ್ಟುಹಬ್ಬದ ದಿನಾನೂ ಬಿಡ್ಲಿಲ್ಲ ನೀನು!"

"ಸೆಲ್ವಿನ್, ಸುಮ್ನಿರು..."

"ಸುಮ್ನಿರಲ್ಲ!" ಮೇಜಿನ ಮೇಲೆ ಕೈ ಬಡಿದ. ಸಿಪಾಯಿಗಳು ಅದುರಿದರು. "ಹೌದು ಕಣೋ, ಕಣ್ಣು ಹೋಗ್ತಿದೆ ನಂಗೆ. ಕತ್ತೂ ಇಲ್ಲ, ಮಣ್ಣೂ ಇಲ್ಲ. ಚಳಿಗಾಲಕ್ಕೆ ಪೂರ್ತಿ ಹೋಗುತ್ತೆ. ಎಲ್ರೂ ಕೇಳಿಸ್ಕೊಂಡ್ರಾ? ಕಣ್ಣು ಹೋಗ್ತಿದೆ, ನಾನು ಹೋಗ್ತಿಲ್ಲ! ಕ್ಲಿಫರ್ಡ್‌ಗೆ ನಾವೆಲ್ಲ ಸೇರ್ಕೊಂಡು ಏನು ಮಾಡಿದ್ವಿ ಅಂತ ಗೊತ್ತಲ್ಲ ನಿಂಗೆ? ಅವನ ಕೈ ಬಿದ್ದಿದ್ದಕ್ಕೆ ಅವನು ಮನೇಲಿ ಕೂರ್ಲಿಲ್ಲ. ನಾವು ಸೋತುಕೊಟ್ಟಿದ್ದಕ್ಕೆ ಕೂತ. ನಂಗೂ ಅದನ್ನೇ ಮಾಡ್ತೀಯಾ ನೀನು? ನೀನು?"

ಏಳು ತಿಂಗಳು ಹಲ್ಲು ಕಚ್ಚಿ ಕಾಪಾಡಿದ್ದ ಗುಟ್ಟನ್ನು, ಯಾವುದಕ್ಕಾಗಿ ಕಾಪಾಡಿದ್ದನೋ ಅದನ್ನೇ ಉಳಿಸಿಕೊಳ್ಳಲು ಅವನು ಬಿಚ್ಚಿ ಎಸೆದಿದ್ದ. ಇನ್ನು ಬರ್ನಾರ್ಡ್ ಕರಗಿಬಿಟ್ಟರೆ ಎಲ್ಲ ಮುಗಿಯಿತು.

ಬರ್ನಾರ್ಡ್ ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಐವಿ, ಆ ಚೀಟಿ ಕೊಡು. ಬೇರೆ ಬರೀತೀನಿ."

"ಕೊಡಲ್ಲ" ಅಂದಳು ಐವಿ. ಅವಳ ದನಿ ಒಡೆದಿತ್ತು, ಕಾನೂನು ಒಡೆದಿರಲಿಲ್ಲ. "ಬರೆದದ್ದು ಬರೆದದ್ದೇ. ಈ ಸುತ್ತು ನಿನ್ನ ಕುದುರೆ ನಿಂತೇ ಇರ್ತಾವೆ. ಪೆದ್ದುತನ ಮಾಡಿದೀಯ, ಅನುಭವಿಸು."

ಯಾರೋ ಕಿಸಕ್ಕೆಂದು ನಕ್ಕರು. ಸೆಲ್ವಿನ್ನನಿಗೂ ನಗು ತಡೆಯಲಾಗಲಿಲ್ಲ. ಹಳದಿ ತೋಳಿನವರು ಚೌಕ ಕಟ್ಟಿ ನಿಂತರು.

ಅದರ ಮುಂದಿನ ಸುತ್ತಿನ ಚೀಟಿಯನ್ನು ಬರ್ನಾರ್ಡ್ ಬಹಳ ಹೊತ್ತು ಬರೆದ. ಐವಿ ಓದಿದಳು: "ಕುದುರೆಗಳು, ಎಲ್ಲವೂ, ಹಳದಿ ತೋಳಿನವರ ಮೇಲೆ. ಫಿರಂಗಿಗಳು, ಎಲ್ಲವೂ, ಹಳದಿ ತೋಳಿನವರ ಮೇಲೆ. ಒಬ್ಬನನ್ನೂ ಉಳಿಸಬೇಡಿ."

"ಹಾಂ!" ಎಂದ ಸೆಲ್ವಿನ್. ಆ ಒಂದು ಶಬ್ದದಲ್ಲಿದ್ದ ಸುಖವನ್ನು ನಾನು ಹೇಗೆ ಬರೆಯಲಿ!

ಫಿರಂಗಿಗೆ ಹನ್ನೊಂದು ಜನ ಬಿದ್ದರು. ಆಮೇಲೆ ಕುದುರೆಗಳು ಬಂದವು. ಉಳಿದವರು ನಿಲ್ಲಬೇಕಾದರೆ ಎರಡು ದಾಳದಲ್ಲಿ ಹತ್ತು ಬೀಳಬೇಕು. ಹೊಸ ಬಣ್ಣದ ಪಡೆ, ಮೊದಲ ಯುದ್ಧ. ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಸೆಲ್ವಿನ್ ದಾಳ ಅಲ್ಲಾಡಿಸಿ ಎಸೆದ. ಅವು ಉರುಳಿ ನಿಂತ ಸದ್ದು ಕೇಳಿಸಿತು, ಅಷ್ಟೆ. ಐವಿ ಬಗ್ಗಿ ನೋಡಿದಳು. ಬರ್ನಾರ್ಡನೂ ಬಗ್ಗಿದ.

"ಹೇಳ್ರೇ! ಪ್ರಾಣ ಹೋಗ್ತಿದೆ ಇಲ್ಲಿ!"

"ಐದು" ಅಂದಳು ಐವಿ. "ಇನ್ನೊಂದು ಆರು. ಹನ್ನೊಂದು."

ಹಾಲ್ ಹಾರಿಹೋಗುವಂತೆ ಕೂಗಿದರು. ಸೆಲ್ವಿನ್ ದಾಳಗಳನ್ನು ಕೈಗೆ ತೆಗೆದುಕೊಂಡು, ಕೊರೆದ ಚುಕ್ಕಿಗಳ ಮೇಲೆ ಹೆಬ್ಬೆರಳಾಡಿಸಿ ತಾನೇ ಎಣಿಸಿದ. ಐದು. ಆರು. ಕನಿಕರವಲ್ಲ, ಸತ್ಯ. ಇಪ್ಪತ್ತೈದು ಜನ ಹೊಸಬರು ಮೂವತ್ತು ಕುದುರೆಗಳನ್ನು ಹಿಮ್ಮೆಟ್ಟಿಸಿದ್ದರು. "ನೋಡಿದ್ಯೇನೋ ಬರ್ನಾರ್ಡ್! ನೋಡಿದ್ಯೇನೋ!" ಎಂದು ಕೇಳುತ್ತಲೇ ಇದ್ದ.

ಅವರು ನಿಂತದ್ದು ಆ ಒಂದು ಸಲ ಮಾತ್ರ. ಮುಂದಿನ ಸುತ್ತಿನಲ್ಲಿ ಬರ್ನಾರ್ಡ್ ಮತ್ತೆ ನುಗ್ಗಿಸಿದ, ಚೌಕ ಒಡೆಯಿತು. ಅಲ್ಲಿಂದ ಬರ್ನಾರ್ಡ್ ಕರುಣೆಯ ಗಂಧವೇ ಇಲ್ಲದ ಹಾಗೆ ಆಡಿದ. ಕಾಯುವವರಿಲ್ಲದ ಗೋಡೆ ಹತ್ತಿದ, ಹಳ್ಳಿಗೆ ಎರಡು ಕಡೆಯಿಂದ ನುಗ್ಗಿದ, ಸೆಲ್ವಿನ್ ಕೆನೆ ತೋಳಿನವರನ್ನು ವಾಪಸು ತರುವಷ್ಟರಲ್ಲಿ ದಾರಿಗೆ ಫಿರಂಗಿ ತಂದಿಟ್ಟ. ಸೆಲ್ವಿನ್ ಮನೆಮನೆಗೂ ಕಾದಿದ. ಗೇಣು ಇಟ್ಟು ಇನ್ನೂ ಎರಡು ಗುಂಡು ಗುರಿ ಮುಟ್ಟಿಸಿದ. ಆದರೂ ಮೂರೂವರೆಗೆ ಹಳ್ಳಿ ಹೋಯಿತು. ನುಚ್ಚುನೂರು ಅನ್ನುತ್ತಾರಲ್ಲ, ಹಾಗೆ ಸೋತ.

"ಫ್ರೆಂಚರ ಗೆಲುವು" ಎಂದು ಐವಿ ಬರೆದುಕೊಂಡಳು. ಇಬ್ಬರೂ ಕೈ ಕುಲುಕಿದರು.

ಈ ಗುಂಪಿನಲ್ಲಿ ಸೋತವನು ಎಲ್ಲರ ಟೀ ಕಪ್ಪು ತೊಳೆಯಬೇಕು. ಸೆಲ್ವಿನ್ ತೋಳು ಮಡಿಸಿಕೊಂಡು, ಬಾಗಿಲ ಚೌಕಟ್ಟು ತಡವಿಕೊಂಡು ಅಡಿಗೆಮನೆ ಕಡೆ ನಡೆದ. ಇಪ್ಪತ್ತೆರಡು ಕಪ್ಪು, ಅಷ್ಟೇ ಬಸಿ. ಎನಿಡ್ ಒರೆಸುವ ಬಟ್ಟೆ ಹಿಡಿದು ಮುಂದೆ ಬಂದಳು. ಇನ್ನಿಬ್ಬರು ಕುರ್ಚಿಯಿಂದ ಎದ್ದರು. "ಬಿಡು ಸೆಲ್ವಿನ್, ನಾವು ನೋಡ್ಕೋತೀವಿ" ಎಂದು ಒಬ್ಬ ಶುರು ಮಾಡಿದ.

"ಕೂತ್ಕೊಳ್ರೋ ಎಲ್ಲಾ!" ಬರ್ನಾರ್ಡನ ಗರ್ಜನೆಗೆ ಕಿಟಕಿ ಗಾಜು ಅದುರಿತು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಸೋತಿರೋನು ಅವನು. ತೊಳೀಲಿ. ಎನಿಡ್, ನೀನೂ ಬಾ ಈಚೆ!"

ಎನಿಡ್ ಬಟ್ಟೆಯನ್ನು ಗೂಟಕ್ಕೆ ತಗುಲಿಸಿ ಈಚೆ ಬಂದಳು.

ಸೆಲ್ವಿನ್ ಬಿಸಿನೀರಿಗೆ ಕೈಯಿಟ್ಟ. ಮೊದಲ ಕಪ್ಪಿನ ಅಂಚಿನ ಸುತ್ತ ಬೆರಳಾಡಿಸಿ, ತಳದ ಕರೆ ಹುಡುಕಿ ಉಜ್ಜಿದ. "ನಿಮ್ಮಲ್ಲಿ ಯಾವನೋ ಅವನು ಇಷ್ಟು ಸಕ್ಕರೆ ಹಾಕ್ಕೊಳ್ಳೋನು?" ಎಂದು ಅಲ್ಲಿಂದಲೇ ಬೈದು, ಎರಡನೆಯ ಕಪ್ಪು ತೆಗೆದುಕೊಂಡ.